ಸಮುದಾಯ ರೇಡಿಯೋ ಊರಿನವರದ್ದು ಅಂತಾರೆ, ಹಾಗಿದ್ರೆ ಅದರಲ್ಲಿ ಆಡಳಿತದ ಜಗಳ ಯಾಕೆ?

ಸಮುದಾಯ ರೇಡಿಯೋ ಅಂದರೆ ಒಂದು ಊರಿನ ಸುತ್ತಮುತ್ತಲಿನವರಿಗಾಗಿ ನಡೆಯುವ ಚಿಕ್ಕ ಎಫ್‌ಎಂ ಕೇಂದ್ರ. ಅದು ಊರಿಗಾಗಿ ಇರುತ್ತದೆ, ಆದರೆ ಪ್ರಸಾರದ ಅನುಮತಿ ಊರಿನ ಹೆಸರಲ್ಲಿ ಇರುವುದಿಲ್ಲ. ಗೊಂದಲದ ಬೇರು ಇಲ್ಲೇ.

ಕೇಂದ್ರ ಸರ್ಕಾರ ಅನುಮತಿ ಕೊಡುವುದು ಒಂದು ನೋಂದಾಯಿತ ಸಂಸ್ಥೆಗೆ. ಅದು ಕಾಲೇಜು, ಟ್ರಸ್ಟ್, ಸೊಸೈಟಿ ಯಾವುದೂ ಆಗಬಹುದು. ಮಂಗಳೂರಿನ ರೇಡಿಯೋ ಸಾರಂಗ್ 107.8 ಇರುವುದು ಸಂತ ಅಲೋಶಿಯಸ್ ಸಂಸ್ಥೆಯ ಕೈಯಲ್ಲಿ. ಮಣಿಪಾಲದ ಸಮುದಾಯ ರೇಡಿಯೋ 90.4 ಕೂಡ ಅಲ್ಲಿನ ವಿಶ್ವವಿದ್ಯಾಲಯದ್ದು. ಈ ಅನುಮತಿಯನ್ನು ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಹಾಗಾಗಿ ಜಗಳ ಆದರೆ 'ನಾವೇ ನಡೆಸುತ್ತೇವೆ, ನಮಗೆ ಕೊಡಿ' ಎಂದು ಸ್ವಯಂಸೇವಕರು ಕೇಳಿಯೂ ಪ್ರಯೋಜನವಿಲ್ಲ.

ಊರಿನವರಿಗೆ ಜಾಗ ಇಲ್ಲ ಅಂತಲ್ಲ. ಸ್ಟೇಷನ್ನಿನ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಸ್ಥಳೀಯರೂ ಇರಬೇಕು ಎಂದು ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ಹೇಳುತ್ತದೆ. ತುಳುವಿಗೆ ಎಷ್ಟು ಹೊತ್ತು, ಬ್ಯಾರಿ, ಕೊಂಕಣಿಗೆ ಎಷ್ಟು ಎಂಬ ಮಾತು ಅಲ್ಲಿ ನಡೆಯಬಹುದು. ಆದರೆ ಹೆಸರೇ ಹೇಳುವಂತೆ ಅದು ಸಲಹಾ ಸಮಿತಿ. ಸಂಬಳ, ನೇಮಕ, ಖರ್ಚು ಇವೆಲ್ಲ ಸಂಸ್ಥೆಯ ಆಡಳಿತ ಮಂಡಳಿಯ ಕೈಯಲ್ಲೇ.

ಹತ್ತು ವರ್ಷ ಸಂಬಳವಿಲ್ಲದೆ ಮೀನುಗಾರರ ಕಾರ್ಯಕ್ರಮ ಮಾಡಿದವರಿಗೆ ಸ್ಟೇಷನ್ ತನ್ನದೇ ಅನ್ನಿಸುತ್ತದೆ, ಸಹಜ ಅಲ್ವಾ? ಕಾಗದದಲ್ಲಿ ಮಾತ್ರ ಅವರು ಅತಿಥಿ. ನಡೆಸುವುದು ಸೊಸೈಟಿ ಆಗಿದ್ದರೆ ಒಂದು ದಾರಿ ಇದೆ: ಸದಸ್ಯರಾಗಿ ಸೇರಿ, ವಾರ್ಷಿಕ ಮಹಾಸಭೆಯಲ್ಲಿ ಮತ ಹಾಕುವುದು. ಟ್ರಸ್ಟ್ ಆದರೆ ಆ ಬಾಗಿಲು ಸಾಮಾನ್ಯವಾಗಿ ಇರುವುದೇ ಇಲ್ಲ. ಸೇರುವ ಮೊದಲೇ ಸಂಸ್ಥೆಯ ಬೈಲಾ (ಒಳನಿಯಮ) ಓದಿ ಅಂತ ನಾನು ಹೇಳುವುದು ಅದಕ್ಕೇ.