ಯುರೋಪ್ ವಲಸಿಗರನ್ನು ವಾಪಸ್ ಕಳುಹಿಸುವುದು ಮಾನವ ಹಕ್ಕುಗಳಿಗೆ ವಿರುದ್ಧ ಅಲ್ವಾ?

ಮಾನವ ಹಕ್ಕು ಅಂತ ಅಷ್ಟು ಮಾತಾಡುವ ಯುರೋಪ್, ಜನರನ್ನು ಬಲವಂತವಾಗಿ ವಾಪಸ್ ಕಳುಹಿಸುವುದು ಹೇಗೆ ಸರಿ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಕೆಲವು ವರ್ಷಗಳಿಂದ ಜರ್ಮನಿಯಲ್ಲಿ ಇದ್ದೇನೆ, ಜರ್ಮನ್ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಗಾಂಬಿಯಾದ ಒಬ್ಬ ಹುಡುಗನಿಂದಾಗಿ ಈ ವಿಷಯ ಓದಲು ಶುರು ಮಾಡಿದೆ.

ಮೊದಲೇ ಹೇಳಿಬಿಡುತ್ತೇನೆ, ವಾಪಸ್ ಕಳುಹಿಸುವುದೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಾನೂ ವೀಸಾ ಮೇಲೆ ಇರುವವನೇ, ಅದು ಮುಗಿದರೆ ಹೊರಡಬೇಕು. ಆದರೆ 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ, ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರುವ ಕಡೆಗೆ ನಿರಾಶ್ರಿತರನ್ನು ತಳ್ಳಬಾರದು ಅನ್ನುತ್ತದೆ. ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿ ಇನ್ನೂ ಗಟ್ಟಿ. ಚಿತ್ರಹಿಂಸೆ ಆಗುವ ಕಡೆಗೆ ಅಪರಾಧಿಯನ್ನೂ ಕಳುಹಿಸುವಂತಿಲ್ಲ. ಹಾಗಾದರೆ ಯಾರಿಗೆ ಅಪಾಯ ಇದೆ, ಯಾರಿಗೆ ಇಲ್ಲ? ಒಬ್ಬೊಬ್ಬರನ್ನೇ ಕೂರಿಸಿ ಕೇಳದೆ ಅದು ಗೊತ್ತಾಗುವುದಿಲ್ಲ. ಸರ್ಕಾರಗಳಿಗೆ ಬೇಡವಾಗಿರುವುದು ಆ ಕೇಳುವ ಕೆಲಸವೇ.

2009ರಲ್ಲಿ ಇಟಲಿ ಏನು ಮಾಡಿತು ನೋಡಿ. ದೋಣಿಗಳಲ್ಲಿ ಬರುತ್ತಿದ್ದ ಸುಮಾರು 200 ಜನರನ್ನು ಸಮುದ್ರದಲ್ಲೇ ತಡೆದು, ತನ್ನ ಹಡಗಿಗೆ ಹತ್ತಿಸಿಕೊಂಡು, ಎಲ್ಲಿಗೆ ಹೋಗುತ್ತಿದ್ದೇವೆ ಅಂತಲೂ ಹೇಳದೆ ಲಿಬಿಯಾದ ಟ್ರಿಪೋಲಿಯಲ್ಲಿ ಇಳಿಸಿಬಿಟ್ಟಿತು. ಸೊಮಾಲಿಯಾ, ಎರಿಟ್ರಿಯಾದ 24 ಜನ ಕೋರ್ಟಿಗೆ ಹೋದರು. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇಟಲಿಯದ್ದೇ ತಪ್ಪು ಎಂದಿತು. ಇಟಲಿ ಪಾಠ ಕಲಿತಿತಾ? 2017ರಲ್ಲಿ ಲಿಬಿಯಾ ಜೊತೆ ಒಪ್ಪಂದ ಮಾಡಿಕೊಂಡಿತು, ಲಿಬಿಯಾದ ಕರಾವಳಿ ಪಡೆಗೆ ನೆರವು ಕೊಟ್ಟಿತು. ಈಗ ಅವರೇ ತಡೆದು ಎಳೆದುಕೊಂಡು ಹೋಗುತ್ತಾರೆ. ಕೈ ಬೇರೆಯವರದ್ದು, ಕೆಲಸ ಅದೇ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬ್ರಿಟನ್‌ನ ರುವಾಂಡಾ ಯೋಜನೆಯೂ, ಅಂದರೆ ಆಶ್ರಯ ಕೇಳಿ ಬಂದವರನ್ನು ಆಫ್ರಿಕಾದ ರುವಾಂಡಾ ದೇಶಕ್ಕೆ ಕಳುಹಿಸುವುದು, ಅದೇ ಜಾತಿಯದ್ದಾಗಿತ್ತು. ಅಲ್ಲಿಂದ ಜನರನ್ನು ಮತ್ತೆ ಅಪಾಯದ ಊರಿಗೇ ಅಟ್ಟುವ ಸಾಧ್ಯತೆ ಇದೆ ಅಂತ 2023ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಆದರೂ 2025ರ ಮಾರ್ಚಿನಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ 'ರಿಟರ್ನ್ ಹಬ್' ಅನ್ನುವ ಪ್ರಸ್ತಾಪ ಮುಂದಿಟ್ಟಿತು, ಅಂದರೆ ಸ್ವಂತ ಊರೂ ಅಲ್ಲದ ಮೂರನೇ ದೇಶಕ್ಕೆ ಕಳುಹಿಸುವುದು. ಅಲ್ಲಿ ಅನ್ಯಾಯ ಆದರೆ ಅವರು ಯಾವ ಬಾಗಿಲು ತಟ್ಟಬೇಕು?

ಕಳುಹಿಸುವ ರೀತಿಯೂ ಮುಖ್ಯ. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ ನಮ್ಮ 104 ಜನರನ್ನು ಅಮೃತಸರಕ್ಕೆ ತಂದಾಗ, ಕೈಕೋಳ, ಕಾಲಿಗೆ ಸರಪಳಿ ಹಾಕಿದ್ದು ನೋಡಿ ನಮಗೆಲ್ಲ ನೋವಾಯಿತು ಅಲ್ವಾ? ಯುರೋಪಿನ 2008ರ ನಿಯಮದಲ್ಲಿ ತಾವಾಗಿಯೇ ಹೊರಡಲು 7ರಿಂದ 30 ದಿನ ಕೊಡಬೇಕು ಅಂತ ಇದೆ, ಅದು ಒಳ್ಳೆಯದು. ಆದರೆ ಅದೇ ನಿಯಮದಲ್ಲಿ, ಯಾವ ಅಪರಾಧವೂ ಮಾಡದವರನ್ನು 18 ತಿಂಗಳವರೆಗೆ ಕೂಡಿಹಾಕಲೂ ದಾರಿ ಇದೆ.

ನನ್ನ ಕ್ಲಾಸಿನ ಹುಡುಗನ ಹತ್ತಿರ ಇದ್ದದ್ದು 'ಡುಲ್ಡುಂಗ್' ಎಂಬ ಕಾಗದ. ಅದು ಪರ್ಮಿಟ್ ಅಲ್ಲ, ಸದ್ಯಕ್ಕೆ ಕಳುಹಿಸುವುದಿಲ್ಲ ಅಂತ ಬರೆದುಕೊಟ್ಟದ್ದು ಅಷ್ಟೇ. ಇಲ್ಲಿ ಹೊರಡಲು ಕೊಟ್ಟ ಗಡುವು ಮುಗಿದ ಮೇಲೆ, ಯಾವ ದಿನ ಕರೆದೊಯ್ಯುತ್ತೇವೆ ಅಂತ ಮುಂಚೆ ಹೇಳಬಾರದು ಎಂಬ ಕಾನೂನೇ ಇದೆ. ಮೂರು ತಿಂಗಳ ನಂತರ ಪರೀಕ್ಷೆ ಇತ್ತು. ಚೆನ್ನಾಗಿ ಕಲಿತಿದ್ದ. ಆದರೂ ಫೀಸ್ ಕಟ್ಟಲಿಲ್ಲ, 'ಅಷ್ಟು ಹೊತ್ತಿಗೆ ನಾನು ಎಲ್ಲಿರುತ್ತೇನೋ' ಅಂದ. ಆಮೇಲೆ ಒಂದು ಬೇಕರಿಯಲ್ಲಿ ಕೆಲಸ ಕಲಿಯಲು ಸೇರಿದ. ಆ ತರಬೇತಿಗೆ ಅಂತಲೇ ಬೇರೆ ಡುಲ್ಡುಂಗ್ ಇದೆ, ಅದು ಸಿಕ್ಕಿದರೆ ತರಬೇತಿ ಮುಗಿಯುವ ತನಕ ಇರಬಹುದು. ಅವನಿಗೆ ಸಿಕ್ಕಿತು. ಹೋದ ತಿಂಗಳು ಪರೀಕ್ಷೆ ಫೀಸ್ ಕಟ್ಟಿದ ರಸೀದಿಯ ಫೋಟೋ ಕಳುಹಿಸಿದ್ದಾನೆ.