‘ಮಾವ’ ಅಂದರೆ ಅಮ್ಮನ ತಮ್ಮನೋ, ಹೆಂಡತಿಯ ಅಪ್ಪನೋ? ಇಬ್ಬರಿಗೂ ಒಂದೇ ಪದ ಯಾಕೆ?

ಇಬ್ಬರೂ ಹೌದು, ಅತ್ತೆಯ ಗಂಡನೂ ಸೇರಿ. ಕಾರಣ ಇರೋದು ನಮ್ಮ ಮದುವೆ ಪದ್ಧತಿಯಲ್ಲಿ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಕಡೆ, ಹುಟ್ಟಿದಾಗಿನಿಂದ ಮಾವ ಎಂದು ಕರೆದವರೇ ಮುಂದೆ ಹೆಣ್ಣು ಕೊಟ್ಟ ಮಾವ ಆಗುತ್ತಿದ್ದರು. ಎರಡನೇ ಪದ ಬೇಕಾಗಲೇ ಇಲ್ಲ. ಅದೇ ಚಿಕ್ಕಮ್ಮನ ಗಂಡ ಚಿಕ್ಕಪ್ಪ; ಅವರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿ, ಅಲ್ಲಿ ಮದುವೆಯ ಮಾತೇ ಇಲ್ಲ.

ತಮಿಳಿನ ಮಾಮನ್, ತೆಲುಗಿನ ಮಾಮ ಇದರ ಒಡಹುಟ್ಟುಗಳು. ಕನ್ನಡದಲ್ಲಿ ನಡುವಿನ ಮಕಾರ ವಕಾರವಾಗಿದೆ, ‘ಕುಮಾರ’ ಹೋಗಿ ‘ಕುವರ’ ಆದ ಹಾಗೆ. ಕೋಲಾರ, ಬಾಗೇಪಲ್ಲಿ ಕಡೆ ತೆಲುಗು ಮನೆಮಾತಿನವರು ಸೋದರಮಾವನನ್ನು ‘ಮೇನಮಾಮ’ ಅನ್ನುತ್ತಾರೆ. ಒಂದೇ ಬೀದಿಯಲ್ಲಿ ಎರಡೂ ಕೇಳಿಸುತ್ತವೆ.

ಮುಳಬಾಗಿಲಿನಲ್ಲಿ ನನ್ನ ಮಗಳಿಗೆ ಕಿವಿ ಚುಚ್ಚಿಸಿದಾಗ ಕೂರಿಸಿಕೊಂಡದ್ದು ನನ್ನ ತಮ್ಮನ ತೊಡೆಯ ಮೇಲೆ. ಅಕ್ಕಸಾಲಿಗ ತಂತಿ ಹಿಡಿದು ಕಾಯುತ್ತಿದ್ದ, ಮಾವ ಬರುವವರೆಗೂ ಯಾರೂ ‘ಹೂಂ’ ಅನ್ನಲಿಲ್ಲ. ಪದದ ತೂಕ ಅಲ್ಲಿದೆ.

ಈಗ ಎಲ್ಲರೂ ‘ಅಂಕಲ್’. ಅದರ ಮೂಲವಾದ ಲ್ಯಾಟಿನ್ನಿನ ಅವುಂಕುಲುಸ್ ಕೂಡ ಮೊದಲು ತಾಯಿಯ ಅಣ್ಣತಮ್ಮನಿಗಷ್ಟೇ ಸಲ್ಲುತ್ತಿತ್ತು. ಆಮೇಲೆ ಅಪ್ಪನ ಕಡೆಯವರಿಗೂ, ಕೊನೆಗೆ ಪಕ್ಕದ ಮನೆಯವರಿಗೂ ಹಬ್ಬಿತು. ಪರಿಚಯವಿಲ್ಲದ ಹಿರಿಯರಿಗೆ ಅಂಕಲ್ ಅನ್ನಿ, ತಪ್ಪಿಲ್ಲ. ಅಮ್ಮನ ತಮ್ಮನನ್ನು ಮಾತ್ರ ದಯವಿಟ್ಟು ಮಾವ ಅಂತಲೇ ಕರೆಯಿರಿ.