ದಾನಪತ್ರಕ್ಕೆ ಸಹಿ ಹಾಕುವ ಮುನ್ನ: ಹಿರಿಯರ ಪ್ರಶ್ನೆಗಳಿಗೆ ವಕೀಲರ ಉತ್ತರ

ವೃದ್ಧಾಪ್ಯದ ಹಣಕಾಸು ಮತ್ತು ಆರೈಕೆಯ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಹಿ ಹಾಕಿ ಆದ ಮೇಲೆ ಕೇಳುವವರೇ ಹೆಚ್ಚು ಎಂಬುದು ನನ್ನ ಸಂಕಟ. ಆದ್ದರಿಂದ ಈ ಬಾರಿ ಬಹುಪಾಲು ಜಾಗವನ್ನು ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ನನಗೆ 71 ವರ್ಷ. ಮೈಸೂರಿನಲ್ಲಿ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಲ್ಲಿ ನಾನೂ ಪತ್ನಿಯೂ ಇದ್ದೇವೆ. ಉಯಿಲು ಬರೆದರೆ ಮುಂದೆ ತಕರಾರಾಗುತ್ತದೆ, ಈಗಲೇ ದಾನಪತ್ರ ಮಾಡಿಕೊಡಿ ಎಂದು ಮಗ ಕೇಳುತ್ತಿದ್ದಾನೆ. ಪತ್ರ ಬರಹಗಾರರೂ ಅದನ್ನೇ ಹೇಳಿದರು. ಮಗ ನೋಡಿಕೊಳ್ಳದಿದ್ದರೆ ಮನೆ ವಾಪಸ್ ಪಡೆಯಲು ಕಾನೂನಿದೆಯಲ್ಲವೇ?

ಉತ್ತರ: ಮಾಡಿಕೊಡಬೇಡಿ. ನಿಮ್ಮ ಮಗ ಒಳ್ಳೆಯವನೇ ಇರಬಹುದು, ನನ್ನ ಆತಂಕ ಅವನ ಗುಣದ ಬಗ್ಗೆ ಅಲ್ಲ. ಮನೆ ಅವನ ಹೆಸರಿಗೆ ಹೋದ ದಿನದಿಂದ ಅವನ ಸಾಲಗಾರರ ಕಣ್ಣಿಗೆ ಅದು ಅವನ ಆಸ್ತಿ. ವ್ಯಾಪಾರದಲ್ಲಿ ಅವನು ಸೋತರೆ ಜಪ್ತಿಯಾಗುವುದು ನೀವು ವಾಸವಿರುವ ಮನೆಯೇ. ಇನ್ನೊಂದು ಮಾತನ್ನು ಯಾವ ತಂದೆಯೂ ಕೇಳಲು ಬಯಸುವುದಿಲ್ಲ, ಆದರೂ ಹೇಳಲೇಬೇಕು. ಮಗ ನಿಮಗಿಂತ ಮೊದಲು ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಪತ್ನಿ, ಮಕ್ಕಳು ಮತ್ತು ತಾಯಿ ಮೊದಲ ವರ್ಗದ ವಾರಸುದಾರರಾಗುತ್ತಾರೆ. ತಂದೆ ಆ ವರ್ಗದಲ್ಲಿಲ್ಲ. ಅಂದರೆ ಕಟ್ಟಿಸಿದ ಮನೆಯಲ್ಲಿ ನಿಮ್ಮ ಪತ್ನಿಗೆ ಒಂದು ಪಾಲು ಸಿಗುತ್ತದೆ, ನಿಮಗೆ ಏನೂ ಸಿಗುವುದಿಲ್ಲ.

ನೀವು ನೆಚ್ಚಿಕೊಂಡಿರುವ ಕಾನೂನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಂ. ಆಸ್ತಿ ಪಡೆದವನು ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನ ಕೊಟ್ಟಿದ್ದು, ಅವನು ಹಾಗೆ ನಡೆದುಕೊಳ್ಳದಿದ್ದರೆ ಮಾತ್ರ ದಾನವನ್ನು ಅನೂರ್ಜಿತಗೊಳಿಸಬಹುದು. ಷರತ್ತೇ ಇಲ್ಲದ ಪತ್ರಕ್ಕೆ ಈ ಕಲಂ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿ, ಹೆಣ್ಣುಮಕ್ಕಳಿಗೆ ಜಮೀನು ಬಿಟ್ಟುಕೊಟ್ಟಿದ್ದ ತಾಯಿಯ ಪರವಾದ ಆದೇಶವನ್ನು ರದ್ದುಪಡಿಸಿತು. 2025ರ ಜನವರಿ 2ರಂದು ಅದೇ ನ್ಯಾಯಾಲಯ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರದ ರದ್ದತಿಯನ್ನು ಎತ್ತಿಹಿಡಿದು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕು ಎಂದಿತು. ಈ ಎರಡನೆಯ ತೀರ್ಪಿನ ತಲೆಬರಹವನ್ನಷ್ಟೇ ಓದಿದವರು ಈಗ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಾರೆ. ಆದರೆ ಆ ಪ್ರಕರಣದಲ್ಲಿ ತಾಯಿಯನ್ನು ನೋಡಿಕೊಳ್ಳುವುದಾಗಿ ಮಗ ಬರೆದುಕೊಟ್ಟ ವಚನಪತ್ರವೊಂದು ನ್ಯಾಯಾಲಯದ ಮುಂದಿತ್ತು. ನಿಮ್ಮ ಬಳಿ ಅಂಥದ್ದೇನಿದೆ? ಪತ್ರ ಬರಹಗಾರರು ಹಳೆಯ ನಕಲಿನಿಂದ ಎತ್ತಿ ಬರೆಯುವ ‘ಪ್ರೀತಿ ವಿಶ್ವಾಸದಿಂದ, ಯಾವುದೇ ಷರತ್ತಿಲ್ಲದೆ’ ಎಂಬ ಸಾಲು ನಿಮ್ಮ ಕೈಯನ್ನು ನೀವೇ ಕಟ್ಟಿಹಾಕಿಕೊಳ್ಳುವ ಸಾಲು. ಅದನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸುವವರು ಮಾಡುತ್ತಿರುವುದು ಅನ್ಯಾಯ.

ಗೆಲ್ಲುವ ಪ್ರಕರಣವಾದರೂ ದಾರಿ ಸುಲಭವಲ್ಲ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ, ಜಿಲ್ಲಾಧಿಕಾರಿಗಳ ಮುಂದೆ ಮೇಲ್ಮನವಿ, ಆಮೇಲೆ ಹೈಕೋರ್ಟ್ ಎಂದು ಅಲೆಯಲು ನಿಮಗೆ ಆಗ ಶಕ್ತಿ ಇರಬೇಕು. ಕಾಯ್ದೆಯಡಿ ಸಿಗುವ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹಾಸಿಗೆ ಹಿಡಿದವರನ್ನು ಹಗಲು ರಾತ್ರಿ ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಲೂ ಅದು ಸಾಲದು. ಮನೆ ನಿಮ್ಮ ಹೆಸರಿನಲ್ಲೇ ಇದ್ದರೆ ಒಂದು ಭಾಗವನ್ನು ಬಾಡಿಗೆಗೆ ಕೊಡಬಹುದು, ಮಾರಿ ಚಿಕ್ಕ ಮನೆಗೆ ಹೋಗಬಹುದು, ಅನಿವಾರ್ಯವಾದರೆ ಅಲ್ಲೇ ವಾಸವಿದ್ದುಕೊಂಡು ಮನೆಯನ್ನು ಅಡವಿಟ್ಟು ಬ್ಯಾಂಕಿನಿಂದ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸಾಲ ಪಡೆಯಬಹುದು. ದಾನ ಕೊಟ್ಟ ಮೇಲೆ ಇವೆಲ್ಲಕ್ಕೂ ಮಗನ ಒಪ್ಪಿಗೆ ಕೇಳಬೇಕಾಗುತ್ತದೆ.

ಉಯಿಲಿನ ತಕರಾರಿನ ಬಗ್ಗೆ ಮಗ ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಸರಿಯಾಗಿ ಬರೆದ ಉಯಿಲು ನಿಲ್ಲುತ್ತದೆ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಂದಣಿ ಮಾಡಿಸಿ ಎಂಬುದೇ ನನ್ನ ಸಲಹೆ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಮುಂದೆ ನ್ಯಾಯಾಲಯದಲ್ಲಿ ಅವರಲ್ಲಿ ಒಬ್ಬರಾದರೂ ಬಂದು ನುಡಿಯಬೇಕಾಗುವುದರಿಂದ, ನಿಮ್ಮ ವಾರಗೆಯ ಸ್ನೇಹಿತರನ್ನು ಬಿಟ್ಟು, ಆಸ್ತಿಯಲ್ಲಿ ಪಾಲಿಲ್ಲದ, ನಿಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿಕೊಳ್ಳಿ. ನಿಮ್ಮ ಬುದ್ಧಿ ಸ್ವಸ್ಥವಾಗಿದೆ ಎಂದು ಅದೇ ದಿನ ವೈದ್ಯರಿಂದ ಪ್ರಮಾಣಪತ್ರ ಪಡೆದು ಜೊತೆಗಿಡಿ. ಯಾರಿಗಾದರೂ ಪಾಲು ಕಡಿಮೆ ಕೊಡುವುದಾದರೆ ಕಾರಣವನ್ನು ಉಯಿಲಿನಲ್ಲೇ ಬರೆಯಿರಿ. ಮೊದಲು ಪತ್ನಿಗೆ, ಅವರ ನಂತರ ಮಕ್ಕಳಿಗೆ ಎಂದು ಬರೆಯಲು ಮರೆಯಬೇಡಿ. ನನಗೆ ಬರುವ ಪತ್ರಗಳಲ್ಲಿ ಗಂಡಸರು ತಮ್ಮ ನಂತರ ಬದುಕಿರಬಹುದಾದ ಹೆಂಡತಿಯ ಬಗ್ಗೆ ಕೇಳುವುದೇ ಅಪರೂಪ. ಮನಸ್ಸು ಬದಲಾದರೆ ಹೊಸ ಉಯಿಲು ಬರೆಯಬಹುದು, ಕೊನೆಯದೇ ಊರ್ಜಿತ.

ಇಷ್ಟಾದರೂ ದಾನವೇ ಮಾಡುತ್ತೇನೆಂದರೆ, ಆರೈಕೆಯ ಷರತ್ತನ್ನು ಪತ್ರದಲ್ಲೇ ಬರೆಸಿ, ನೀವಿಬ್ಬರೂ ಬದುಕಿರುವವರೆಗೆ ವಾಸದ ಮತ್ತು ಬಾಡಿಗೆಯ ಹಕ್ಕನ್ನು ಉಳಿಸಿಕೊಳ್ಳಿ. ಹೀಗೆ ಹಕ್ಕು ಉಳಿಸಿಕೊಂಡು ಕೊಟ್ಟ ದಾನವೂ ಸಿಂಧು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇದಕ್ಕೆ ಮಗ ಒಪ್ಪದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಂತಾಯಿತು.

ಪ್ರಶ್ನೆ: ಬ್ಯಾಂಕ್ ಠೇವಣಿಗೆ ಮಗಳನ್ನು ನಾಮಿನಿ ಮಾಡಿದ್ದೇನೆ. ಹಣ ಅವಳದೇ ಅಲ್ಲವೇ?

ಉತ್ತರ: ಅಲ್ಲ, ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ಮಾಲೀಕತ್ವ ವಾರಸುದಾರರದ್ದು ಅಥವಾ ಉಯಿಲಿನಲ್ಲಿ ಹೆಸರಿಸಿದವರದ್ದು.

ಪ್ರಶ್ನೆ: 66ನೇ ವಯಸ್ಸಿನಲ್ಲಿ ಆರೋಗ್ಯ ವಿಮೆ ಮಾಡಿಸುತ್ತಿದ್ದೇನೆ. ಸಕ್ಕರೆ ಕಾಯಿಲೆ ಇದೆ ಎಂದು ಬರೆಯಬೇಡಿ, ಐದು ವರ್ಷ ಕಳೆದರೆ ಯಾರೂ ಕೇಳುವುದಿಲ್ಲ ಎನ್ನುತ್ತಾರೆ ಏಜೆಂಟರು.

ಉತ್ತರ: ಆ ಏಜೆಂಟರನ್ನು ಇಂದೇ ಬಿಡಿ. 60 ತಿಂಗಳ ನಂತರ ಕ್ಲೇಮನ್ನು ಪ್ರಶ್ನಿಸುವಂತಿಲ್ಲ ಎಂಬ ನಿಯಮವಿರುವುದು ನಿಜ, ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ, ಮತ್ತು ತಿಳಿದೂ ಕಾಯಿಲೆ ಮುಚ್ಚಿಟ್ಟವರ ಮೇಲೆ ಬರುವುದು ಅದೇ ಆರೋಪ. ಕಾಯಿಲೆಯನ್ನು ಬರೆದುಕೊಟ್ಟರೆ ಅದಕ್ಕೆ ಕಾಯಬೇಕಾದ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಅಷ್ಟರವರೆಗಿನ ಖರ್ಚಿಗೆ ಬೇರೆ ಹಣ ತೆಗೆದಿಡಿ.

ಪ್ರಶ್ನೆ: ನಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘ ಹಿರಿಯರಿಗೆ ಶೇ 12 ಬಡ್ಡಿ ಕೊಡುತ್ತದೆ. ನಿವೃತ್ತಿಯ ಹಣವೆಲ್ಲ ಅಲ್ಲೇ ಇಡಬಹುದೇ?

ಉತ್ತರ: ಬೇಡ. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆ ಇಂಥ ಸಂಘಗಳ ಠೇವಣಿಗೆ ಇಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಮೊದಲು ಅದನ್ನು ತುಂಬಿಸಿ.